ಕರುಳಿನ ವಿದ್ಯೆಯೂ ಈಸೂರಿನ ಕೂಸೂ

ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿ ಕುಳಿತು ಇಲಿಯ ಕರುಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ವರ್ಷಗಟ್ಟಲೆ ನೋಡುವವರಿಂದ ಶಿಕಾರಿಪುರ, ಸೊರಬ ತಾಲೂಕುಗಳ ರೈತನಿಗೆ ಆಗುವ ಪ್ರಯೋಜನವೇನೆಂದು ಕೇಳುವವರು ನಮ್ಮಲ್ಲಿ ಹಲವರುಂಟು. ಪ್ರಶ್ನೆಯು ಅನುಚಿತವಾದುದಲ್ಲ. ಬೊಕ್ಕಸದ ಹಣವು ಪ್ರಜೆಗಳ ಬೆವರಿನಿಂದ ಬಂದುದು. ಅದರ ಲೆಕ್ಕವನ್ನು ಕೇಳುವ ಹಕ್ಕು ಅವರಿಗಿದ್ದೇ ಇದೆ. ಆದರೆ ಲೆಕ್ಕವನ್ನು ಕೇಳಿದವರು ಉತ್ತರವನ್ನು ಪೂರ್ತಿಯಾಗಿ ಆಲಿಸುವ ತಾಳ್ಮೆಯನ್ನೂ ತೋರಬೇಕು.

ಕರುಳಿನ ಒಳಮೈಯು ನಿತ್ಯವೂ ಬಿತ್ತಿ ನಿತ್ಯವೂ ಕೊಯ್ಯುವ ಗದ್ದೆಯಂತಿದೆ. ಗರ್ಭದಲ್ಲಿ ಆರನೆಯ ವಾರದ ಸುಮಾರಿಗೆ ಅದು ಭರದಿಂದ ಬೆಳೆದು, ಹೊಟ್ಟೆಯಲ್ಲಿ ಎಡೆ ಸಾಲದೆ ಹೊಕ್ಕುಳಬಳ್ಳಿಯೊಳಕ್ಕೆ ಚಾಚಿ, ಹತ್ತನೆಯ ವಾರದ ಹೊತ್ತಿಗೆ ತಿರುವಿಕೊಂಡು ಸ್ವಸ್ಥಾನಕ್ಕೆ ಮರಳುತ್ತದೆ. ಅನ್ನದ ಸಾರವನ್ನು ಹೀರುವ, ಬೆರಳಿನಾಕಾರದ ಅಸಂಖ್ಯ ಅಂಕುರಗಳು ಸಣ್ಣಕರುಳಿನಲ್ಲಿ ಜನನಕ್ಕೆ ಮೊದಲೇ ಮೂಡುತ್ತವೆ. ಈ ಅಂಕುರಗಳ ಬುಡದ ಕುಳಿಗಳಲ್ಲಿ ಕಾಂಡಕೋಶಗಳೆಂಬ ಮೂಲ ಜೀವಕೋಶಗಳಿವೆ. ಅವು ಒಡೆದು ಹುಟ್ಟಿಸಿದ ಕೋಶಗಳು ಮೇಲೇರುತ್ತ, ನಾಲ್ಕೈದು ದಿನಗಳಲ್ಲಿ ತುದಿಯನ್ನು ಮುಟ್ಟಿ ಉದುರಿಹೋಗುತ್ತವೆ. 1948ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಲೆಬ್ಲಾಂಡ್ ಮತ್ತು ಸ್ಟೀವನ್ಸ್ ಎಂಬವರು ಇಲಿಯ ಕರುಳಿನಲ್ಲಿ ಈ ನಿರಂತರ ನವೀಕರಣವನ್ನು ತೋರಿಸಿಕೊಟ್ಟರು. 2007ರಲ್ಲಿ ನೆದರ್ಲೆಂಡಿನ ಹಾನ್ಸ್ ಕ್ಲೆವರ್ಸರ ಪ್ರಯೋಗಶಾಲೆಯವರು ಆ ಮೂಲಕೋಶಗಳನ್ನು ಗುರುತಿಸುವ ಲಕ್ಷಣವೊಂದನ್ನು ಕಂಡುಹಿಡಿದರು. 2009ರಲ್ಲಿ ಅಂಥ ಒಂದೇ ಕೋಶದಿಂದ ಪಾತ್ರೆಯಲ್ಲಿ ಕರುಳಿನ ಕಿರುರೂಪವನ್ನು ಬೆಳೆಸಿದರು.

ಇನ್ನು ಈಸೂರಿನ ಕೂಸೊಂದಕ್ಕೆ ವಾಂತಿಭೇದಿ ಹತ್ತಿತೆಂದುಕೊಳ್ಳೋಣ. ರೋಟಾ ವೈರಾಣುವು ಅಂಕುರಗಳ ತುದಿಯ ಬಲಿತ ಕೋಶಗಳನ್ನು ಹಾಳುಮಾಡುತ್ತದೆ. ಬುಡದ ಮೂಲಕೋಶಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಕೆಲವು ದಿನಗಳ ಅವಕಾಶ ದೊರೆತರೆ ಅವು ಹೊಸ ಹೊದಿಕೆಯನ್ನು ನೇಯಬಲ್ಲವು. ಆದರೆ ದುರಸ್ತಿಯು ಮುಗಿಯುವ ಮುನ್ನವೇ ಮೈಯ ನೀರು ಬರಿದಾಗಿ ಕೂಸು ಕೈಬಿಟ್ಟುಹೋಗುತ್ತದೆ. ಆ ನಾಲ್ಕು ದಿನಗಳನ್ನು ಸಂಪಾದಿಸಿಕೊಡುವುದೇ ಓಆರ್‌ಎಸ್ ಪೊಟ್ಟಣದ ಮಹಿಮೆ.

ಆ ಪೊಟ್ಟಣವು ಎಲ್ಲಿಂದ ಬಂದಿತು? ಸಕ್ಕರೆಯ ಜೊತೆಯಲ್ಲಿ ಉಪ್ಪು ಕರುಳಿನ ಗೋಡೆಯನ್ನು ದಾಟುತ್ತದೆಂಬ ತತ್ತ್ವವನ್ನು ರಾಬರ್ಟ್ ಕ್ರೇನ್ ಎಂಬ ಅಮೆರಿಕದ ವಿದ್ವಾಂಸರು 1960ರಲ್ಲಿ ಮಂಡಿಸಿದರು. ಅದೂ ಅಂದು ಪ್ರಯೋಗಶಾಲೆಯ ಮಾತೇ ಆಗಿತ್ತು. 1971ರಲ್ಲಿ ವಂಗದೇಶದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ ಮಹಾಲನಬಿಸರು ಉಪ್ಪುಸಕ್ಕರೆಯ ನೀರನ್ನು ಕುಡಿಸಿ, ರೋಗಿಗಳ ಮರಣವನ್ನು ನೂರಕ್ಕೆ 3.6ರ ಸುಮಾರಿಗೆ ಇಳಿಸಿದರು. ಹನ್ನೊಂದು ವರ್ಷಗಳಲ್ಲಿ ಶಾಸ್ತ್ರವು ತಾಯಿಯ ಕೈಯ ಲೋಟವಾಯಿತು.

ಕನ್ನಡನಾಡೂ ಈ ಕಾರ್ಯದಲ್ಲಿ ಹಿಂದೆ ಬಿದ್ದುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ದುರ್ಗಾರಾಯರ ತಂಡವು ಈ ನಗರದ ನವಜಾತ ಶಿಶುಗಳಲ್ಲಿ ದೊರೆತ ಐ-321 ಎಂಬ ರೋಟಾ ವೈರಾಣುವನ್ನು ಅಭ್ಯಸಿಸಿತು. ಅದರಿಂದ ಲಸಿಕೆ ಮಾಡುವ ಪ್ರಯತ್ನವೂ ನಡೆಯಿತು. ಪರೀಕ್ಷೆಯಲ್ಲಿ ದಿಲ್ಲಿಯ 116-ಇ ಎಂಬುದೇ ಮೇಲೆನಿಸಿ, ಲಸಿಕೆಯು ಅದರಿಂದ ಆಯಿತು. ಇದರಲ್ಲಿ ಸೋಲೇನೂ ಇಲ್ಲ. ಎರಡನ್ನು ಒರೆಗೆ ಹಚ್ಚದೆ ಒಂದರ ಗುಣವು ತಿಳಿಯದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮಾನವ ಭ್ರೂಣದ ಕಾಂಡಕೋಶಗಳ ಎರಡು ಸಂತತಿಗಳನ್ನು ಸಿದ್ಧಪಡಿಸಿದರು. ಕಾಂಡಕೋಶ ವಿಜ್ಞಾನಕ್ಕಾಗಿಯೇ ಬೆಂಗಳೂರಿನಲ್ಲಿ 2009ರಲ್ಲಿ ಸಂಸ್ಥೆಯೊಂದು ಸ್ಥಾಪಿತವಾಯಿತು.

ಉಳಿದ ಕೆಲಸವು ಸಣ್ಣದಲ್ಲ. ಕೊಳಕು ನೀರನ್ನು ಕುಡಿದು ಮೇಲಿಂದ ಮೇಲೆ ಸೋಂಕಿಗೀಡಾಗುವ ಮಕ್ಕಳ ಕರುಳಿನಲ್ಲಿ ಅಂಕುರಗಳು ಮೊಟಕಾಗಿ ಚಪ್ಪಟೆಯಾಗುತ್ತವೆ. ಉಂಡ ಅನ್ನವು ಮೈಗೆ ಹತ್ತದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಇದಕ್ಕೆ ಕಾರಣಗಳು ಹಲವು; ಕರುಳಿನ ಈ ಕ್ಷೀಣತೆಯೂ ಅವುಗಳಲ್ಲೊಂದೆಂದು ತಜ್ಞರು ಎಣಿಸುತ್ತಾರೆ. ಮೊಟಕಾದ ಅಂಕುರವನ್ನು ಮರಳಿ ಚಿಗುರಿಸುವುದು ಹೇಗೆಂಬುದನ್ನು ಮೂಲಕೋಶಗಳನ್ನು ಬಲ್ಲವರಲ್ಲದೆ ಮತ್ತಾರು ಹೇಳಬಲ್ಲರು?

ಊರಿಗೆ ಚರಂಡಿಯಿಲ್ಲದಿರುವಾಗ ಪ್ರಯೋಗಶಾಲೆಯೇಕೆಂದು ಕೆಲವರು ಆಕ್ಷೇಪಿಸಬಹುದು. ಚರಂಡಿಯನ್ನು ತಪ್ಪದೆ ಕಟ್ಟಿಸಲಿ. ಶುದ್ಧ ನೀರು, ಓಆರ್‌ಎಸ್ ಪೊಟ್ಟಣ, ಹದಿನಾಲ್ಕು ದಿನಗಳ ಸತುವಿನ ಮಾತ್ರೆ, ಇವು ಪ್ರತಿ ಗ್ರಾಮಕ್ಕೂ ತಲುಪುವಂತೆ ಅಧಿಕಾರಿಗಳು ನೋಡಿಕೊಳ್ಳಲಿ. ಇವುಗಳಿಗಾಗಿ ಸಂಶೋಧನೆಯ ದಾರಿಯನ್ನು ಕಾಯಬೇಕಾದುದಿಲ್ಲ. ಆದರೆ ಇಂದಿನ ಮಗುವನ್ನು ಉಳಿಸುವುದು ನೀರಾದರೆ, ನಾಳಿನ ಮಗುವನ್ನು ಬೆಳೆಸುವುದು ವಿದ್ಯೆ. ಒಂದರ ಹೆಸರಿನಲ್ಲಿ ಇನ್ನೊಂದರ ಹಣವನ್ನು ಕಡಿಯುವುದು ಬೀಜದ ಭತ್ತವನ್ನು ಕುಟ್ಟಿ ಉಂಡಂತೆ.

ಆದುದರಿಂದ ನಮ್ಮ ಸೂಚನೆಯು ಇಷ್ಟೆ. ಈ ವಿದ್ಯೆಯು ರಾಜಧಾನಿಯಲ್ಲಿಯೇ ನಿಲ್ಲದಿರಲಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯವೂ ಶಿವಮೊಗ್ಗದ ವೈದ್ಯವಿದ್ಯಾಲಯವೂ ಬೆಂಗಳೂರಿನ ಸಂಶೋಧಕರೊಡನೆ ಕೈಗೂಡಿಸಿ, ಈ ಸೀಮೆಯ ಮಕ್ಕಳ ಕರುಳಿನ ಸ್ಥಿತಿಯನ್ನು ಅಭ್ಯಸಿಸಲಿ. ಸರಕಾರವು ಅದಕ್ಕೆ ವರ್ಷವರ್ಷವೂ ನಿಲ್ಲದ ಧನಸಹಾಯವನ್ನು ಗೊತ್ತುಮಾಡಲಿ. ಕಂಡುದನ್ನು ತಾಯಂದಿರಿಗೆ ಕನ್ನಡದಲ್ಲಿ ತಿಳಿಸಲಿ. 1942ರಲ್ಲಿ ಬಾಲಕರನ್ನೇ ತನ್ನ ಅಮಲ್ದಾರನನ್ನಾಗಿಯೂ ಪೊಲೀಸ್ ಅಧಿಕಾರಿಯನ್ನಾಗಿಯೂ ಕೂಡಿಸಿದ ಊರು ಈಸೂರು. ಅಂಥ ಊರಿನ ಕೂಸು ತನ್ನ ಎತ್ತರಕ್ಕೆ ತಾನು ಬೆಳೆಯುವಂತೆ ಮಾಡುವುದು ಸ್ವತಂತ್ರ ಸರಕಾರದ ಕನಿಷ್ಠ ಋಣವೆಂದು ನಾವು ಭಾವಿಸುತ್ತೇವೆ.