ಟರ್ಬೊ ಬದಲಿಸುವ ಮುನ್ನ ಆಯಿಲ್ ಪೈಪ್ ಬಿಚ್ಚಿ ನೋಡಿ

ಡೀಸೆಲ್ ಕಾರಿನ ಟರ್ಬೊ ತಾನಾಗಿಯೇ ಕೆಡುವುದು ಬಲು ಅಪರೂಪ. ಕೆಡಿಸಿದ್ದು ಇನ್ನೇನೋ ಇರುತ್ತದೆ. ಅದನ್ನು ಹುಡುಕದೆ ಹೊಸ ಟರ್ಬೊ ಕೂರಿಸಿ ಬಿಲ್ ಕೈಗಿಡುವುದು ಈಗ ಮಾಮೂಲಾಗಿದೆ. ಬಾಣಾವರದ ನಮ್ಮ ಭಾವನವರು ಒಂದೇ ಮಳೆಗಾಲದಲ್ಲಿ ಎರಡು ಟರ್ಬೊಗೆ ದುಡ್ಡು ಸುರಿದರು. ಮೊದಲನೆಯದಕ್ಕೆ ದೊಡ್ಡ ಸರ್ವೀಸ್ ಸೆಂಟರೊಂದರಲ್ಲಿ 60 ಸಾವಿರ ರೂಪಾಯಿ. ಅದು ಕೆಲವೇ ವಾರಗಳಲ್ಲಿ ಕೂಗತೊಡಗಿದಾಗ ಅದೇ ಜಾಗದಲ್ಲಿ ಸಿಕ್ಕ ಉತ್ತರ, ‘ನೀವು ಗಾಡಿ ಓಡಿಸೋ ರೀತಿ ಸರಿಯಿಲ್ಲ’ ಎಂದು. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕಿ ಬಂದ ಹಣ ಮನೆಯ ಹೊಸಿಲು ದಾಟದೆ ಹಾಗೇ ಹೋಯಿತು. ಆ ಸಿಟ್ಟು ನನಗಿನ್ನೂ ಆರಿಲ್ಲ.

ನಮ್ಮ ಕಣಕಟ್ಟೆ ಹೋಬಳಿಯ ಹಳ್ಳಿಗಳಲ್ಲಿ ನಿಂತಿರುವ ಕಾರುಗಳನ್ನು ನೋಡಿ. ಬಹಳಷ್ಟು ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳೇ. ಪೆಟ್ರೋಲ್‌ಗಿಂತ ಡೀಸೆಲ್ ತೀರಾ ಅಗ್ಗವಿದ್ದ ಕಾಲದಲ್ಲಿ ಪೇಟೆಯವರು ಕೊಂಡವು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ದರದ ಮೇಲಿನ ಹಿಡಿತ ಬಿಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಕಂಪನಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು. ಬೆಂಗಳೂರಿನವರು ಮಾರಿದ ಗಾಡಿಗಳು ಸೆಕೆಂಡ್ ಹ್ಯಾಂಡಾಗಿ ನಮ್ಮ ತೆಂಗಿನ ತೋಟಗಳಿಗೆ ಬಂದವು. ನಡುರಾತ್ರಿ ಎದೆನೋವು ಬಂದ ಹಿರಿಯರನ್ನು ಹಾಸನದ ಹಿಮ್ಸ್ ಆಸ್ಪತ್ರೆಗೆ ಮುಟ್ಟಿಸುವುದು, ಹುಣ್ಣಿಮೆಗೆ ಜೇನುಕಲ್ಲು ಸಿದ್ದೇಶ್ವರನ ಬೆಟ್ಟಕ್ಕೆ ಮನೆಮಂದಿಯನ್ನು ಕರೆದೊಯ್ಯುವುದು, ಬಾಣಂತಿಯನ್ನು ತವರಿಗೆ ಬಿಡುವುದು ಇವೇ. ‘ಹಳೇ ಡೀಸೆಲ್ ಮಾರಿ ಹೊಸದು ತಗೊಳ್ಳಿ’ ಎಂದು ಬೆಂಗಳೂರಿನಿಂದ ಫೋನಿನಲ್ಲಿ ಹೇಳುವ ಮಕ್ಕಳಿಗೆ ಒಂದೇ ಮಾತು: ನಮಗೆ ಬೇಕಿರುವುದು ಹೊಸ ಸಾಲವಲ್ಲ, ಸರಿಯಾದ ರಿಪೇರಿ.

ಟರ್ಬೊ ಹೊಸ ಕಲ್ಪನೆಯೇನಲ್ಲ. ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರ್ ಅದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಸಣ್ಣ ಕಾರಿನಲ್ಲಿ ಈ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ಸುತ್ತಬಲ್ಲದು. ಸಾಮಾನ್ಯವಾಗಿ ಅದಕ್ಕೆ ಬಾಲ್ ಬೇರಿಂಗ್ ಇರುವುದಿಲ್ಲ. ಎಂಜಿನ್ ಆಯಿಲ್ಲಿನ ತೆಳು ಪದರದ ಮೇಲೆ ತೇಲುತ್ತಲೇ ತಿರುಗಬೇಕು. ಆ ಆಯಿಲ್ ಬರುವುದು ಪೆನ್ಸಿಲ್‌ಗಿಂತ ಸಣ್ಣ ಕೊಳವೆಯೊಂದರಲ್ಲಿ. ಹಳೆಯ ಅಂಬಾಸಿಡರ್ ಡೀಸೆಲ್‌ಗಾಗಲಿ, 1998ರ ಮೊದಲ ಇಂಡಿಕಾಗಾಗಲಿ, ಕ್ವಾಲಿಸ್‌ಗಾಗಲಿ ಟರ್ಬೊ ಇರಲಿಲ್ಲ. ಆಯಿಲ್ ಕಪ್ಪಗಾಗಿ ಡಾಂಬರಿನಂತಾದರೂ ಅವು ಹೇಗೋ ಓಡುತ್ತಿದ್ದವು. ನಮ್ಮ ಮೆಕ್ಯಾನಿಕ್‌ಗಳಲ್ಲಿ ಹಲವರು ಕೆಲಸ ಕಲಿತದ್ದು ಆ ಗಾಡಿಗಳ ಮೇಲೆ, ನಾವು ಡ್ರೈವಿಂಗ್ ಕಲಿತದ್ದೂ ಅವುಗಳ ಮೇಲೆಯೇ. 2005ರಲ್ಲಿ ಕ್ವಾಲಿಸ್ ಹೋಗಿ ಟರ್ಬೊ ಇದ್ದ ಇನ್ನೋವಾ ಬಂತು. ಆಯಿಲ್ ವಿಷಯದ ಅಭ್ಯಾಸ ಮಾತ್ರ ಹಳೆಯದೇ ಉಳಿಯಿತು.

ನಮ್ಮ ಕಾರು ಪಿಕಪ್ ಕಳೆದುಕೊಂಡು, ಮೂರನೇ ಗೇರಿನಲ್ಲಿ ಸೈರನ್ನಿನಂತೆ ಸಣ್ಣಗೆ ಕೂಗತೊಡಗಿದಾಗ ಅರಸೀಕೆರೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಬಿಟ್ಟೆ. ಅವರು ಮೊದಲು ಗಾಳಿಯ ಹೋಸ್ ಪೈಪ್ ಕಳಚಿ, ಟರ್ಬೊ ಬಾಯೊಳಗೆ ಎರಡು ಬೆರಳು ಇಳಿಸಿ, ಶಾಫ್ಟಿನ ತುದಿಯ ನಟ್ ಹಿಡಿದು ಅಲ್ಲಾಡಿಸಿದರು. ‘ಪಕ್ಕಕ್ಕೆ ಕೂದಲೆಳೆಯಷ್ಟು ಆಡಬೋದು ಸ್ವಾಮಿ, ಹಿಂದೆ ಮುಂದೆ ಎಳೆದ್ರೆ ಬರಬಾರದು’ ಎಂದರು. ಬರಲಿಲ್ಲ. ಬ್ಲೇಡಿನ ಅಂಚು, ಸುತ್ತಲಿನ ಗೋಡೆ ಎರಡಕ್ಕೂ ಟಾರ್ಚ್ ಬಿಟ್ಟು ಉಜ್ಜಿದ ಗೆರೆಯಿದೆಯೇ ನೋಡಿದರು. ಆಮೇಲೆ ಮೇಲಿನ ಬೋಲ್ಟ್ ಬಿಚ್ಚಿ ಆಯಿಲ್ ಕೊಳವೆ ತೆಗೆದು ನನ್ನ ಅಂಗೈ ಮೇಲೆ ತಟ್ಟಿದರು. ಒಲೆಯ ಕರಿಯಂಥ ಹೊಪ್ಪಳಿಕೆ ಉದುರಿತು. ಒಳಗೆ ಸೂಜಿ ತೂರುವಷ್ಟೇ ದಾರಿ ಉಳಿದಿತ್ತು. ಹಿಂದಿನ ಮಾಲೀಕರ ಕಾಲದಿಂದ ಕಟ್ಟಿಕೊಂಡದ್ದು. ಟರ್ಬೊ ತಳ್ಳುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್‌ನಲ್ಲೂ ಬಿರುಕಿತ್ತು. ಕೂಗಿಗೂ ಪಿಕಪ್ ಇಲ್ಲದ್ದಕ್ಕೂ ಅದೇ ಕಾರಣ. ಹೊಸ ಕೊಳವೆ, ಹೊಸ ಹೋಸ್ ಬಂದವು. ಆಯಿಲ್ ಚೇಂಬರ್ ಇಳಿಸಿ ಸ್ಟ್ರೈನರ್ ತೊಳೆದರು, ಆಯಿಲ್ಲೂ ಫಿಲ್ಟರೂ ಬದಲಾದವು. ಟರ್ಬೊ ಹಳೆಯದೇ. ಇನ್ನೂ ಓಡುತ್ತಿದೆ.

ಭಾವನವರ ಗಾಡಿಯಲ್ಲಿ ಮೂಲ ಟರ್ಬೊ ನಿಜಕ್ಕೂ ಹೋಗಿತ್ತು. ಆದರೆ ಅದನ್ನು ಕೊಂದ ಕೊಳವೆಯನ್ನು ಬಿಚ್ಚದೆ ಅದಕ್ಕೇ ಹೊಸದನ್ನು ಜೋಡಿಸಿದ್ದರು. ಆ ಹೊಸದೂ ಬಾಯಾರಿ ಸತ್ತಿತು.

ಕೊಳವೆಯಲ್ಲಿ ಆ ಕರಿ ಕಟ್ಟುವುದು ಶಾಖದಿಂದ. ಧರ್ಮಸ್ಥಳ ಮುಗಿಸಿ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಮನೆಮಂದಿಯ ಭಾರದಲ್ಲಿ ಟರ್ಬೊ ಕೆಂಡದಂತೆ ಕಾದಿರುತ್ತದೆ. ಮೇಲೆ ಬಂದವರೇ ಟೀ ಅಂಗಡಿ ಮುಂದೆ ನಿಲ್ಲಿಸಿ ತಟ್ಟನೆ ಕೀ ತಿರುಗಿಸುತ್ತಾರೆ. ಎಂಜಿನ್ ನಿಂತರೆ ಆಯಿಲ್ ಹರಿವೂ ನಿಲ್ಲುತ್ತದೆ. ಕಾದ ಬೇರಿಂಗಿನಲ್ಲಿ ಉಳಿದದ್ದು ಅಲ್ಲೇ ಸುಟ್ಟು ಕಚ್ಚಿಕೊಳ್ಳುತ್ತದೆ. ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಫ್ ಮಾಡಿದರೆ ಸಾಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಬಾರದು ಎಂಬುದೂ ಇದೇ ಲೆಕ್ಕ, ಆಯಿಲ್ ಮೇಲೇರಲು ಹೊತ್ತು ಬೇಕು. ಇನ್ನು ನಮ್ಮ ಸೀಮೆಯ ಧೂಳು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರಲ್ಲ, ಆ ಹೊಟ್ಟು ಏರ್ ಫಿಲ್ಟರಿಗೆ ಹೋಗಿ ಕೂರುತ್ತದೆ. ಕಣವಿಲ್ಲದ ರೈತರನ್ನು ನಾನು ದೂರುವುದಿಲ್ಲ. ಸುಗ್ಗಿ ಮುಗಿದ ಮೇಲೆ ಫಿಲ್ಟರ್ ಬದಲಿಸಿ ಎನ್ನುತ್ತೇನೆ. ಕಂಪನಿ ಹೇಳಿದ ಕಿಲೋಮೀಟರ್‌ವರೆಗೆ ಆಯಿಲ್ ಬದಲಿಸದೆ ಕಾಯುವುದೂ ಬೇಡ. ತೋಟದ ಮಣ್ಣುದಾರಿ, ಸಂತೆಗೆ ಹೋಗಿ ಬರುವ ಗಿಡ್ಡ ಓಡಾಟ ಇದ್ದವರು ಮೊದಲೇ ಬದಲಿಸಬೇಕು.

‘ಪಿಕಪ್ ಒಂದಿಲ್ಲ, ನಡೀತದೆ ಬಿಡಿ’ ಎಂದು ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ನಡೆಯುವುದಿಲ್ಲ. ಕಪ್ಪು ಹೊಗೆ ಬಂದರೆ ಗಾಳಿ ಸಾಲುತ್ತಿಲ್ಲ, ಹಿಂದೆ ಬೈಕಿನಲ್ಲಿ ಬರುವ ಮಗು ಅದನ್ನು ಕುಡಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಪೂರ್ತಿ ಹೋದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರುಮಾಡಬಹುದು. ಕೀ ತೆಗೆದರೂ ನಿಲ್ಲುವುದಿಲ್ಲ. ಗೇರ್ ಗಾಡಿಯಾದರೆ ನಿಲ್ಲಿಸಿ, ಮೇಲಿನ ಗೇರಿಗೆ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಕ್ಲಚ್ ಬಿಟ್ಟು ಎಂಜಿನ್ ಬಂದ್ ಮಾಡಬೇಕು. ಡ್ರೈವಿಂಗ್ ಸ್ಕೂಲುಗಳು ಇದನ್ನು ಹೇಳಿಕೊಡಬೇಕು.

ಟರ್ಬೊ ನಿಜಕ್ಕೂ ಹೋದಾಗಲೂ ಬಹಳ ಸಲ ಇಡೀ ಘಟಕ ಬೇಕಾಗಿಲ್ಲ. ಹೊರಕವಚ ಚೆನ್ನಾಗಿದ್ದರೆ ಒಳಗಿನ ಕೋರ್ ಒಂದನ್ನೇ ಬದಲಿಸಿ ಕೊಡುವವರು ಬೆಂಗಳೂರಿನಲ್ಲಿದ್ದಾರೆ. ಆದರೆ ಶೋರೂಮಿನ ಕೌಂಟರಿನಲ್ಲಿ ‘ಪೂರ್ತಿ ಅಸೆಂಬ್ಲಿ ಮಾತ್ರ’ ಎಂಬ ಉತ್ತರ. ಸಣ್ಣ ಗ್ಯಾರೇಜಿನವರು ಒರಿಜಿನಲ್ ಕೊಳವೆಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಆಳು ಕಳಿಸಬೇಕು, ಇಲ್ಲವೇ ಡೂಪ್ಲಿಕೇಟ್ ಹಾಕಬೇಕು. ಬಿಡಿಭಾಗಗಳನ್ನೂ ರಿಪೇರಿ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಅದರ ಫಲವನ್ನು ಅರಸೀಕೆರೆಯ ಆ ಗ್ಯಾರೇಜಿನಲ್ಲಿ ನಾನಿನ್ನೂ ಕಂಡಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಟರ್ಬೊ ಬದಲಿಸಿದ ಪ್ರತಿ ಬಿಲ್ಲಿನಲ್ಲೂ ಅದು ಯಾವ ಕಾರಣಕ್ಕೆ ಕೆಟ್ಟಿತು, ಆಯಿಲ್ ಕೊಳವೆ, ಸ್ಟ್ರೈನರ್, ಇಂಟರ್‌ಕೂಲರ್ ಬಿಚ್ಚಿ ನೋಡಿದರೇ ಎಂದು ಬರೆಯುವುದು ಕಡ್ಡಾಯವಾಗಲಿ. ಬಿಚ್ಚಿದ ಹಳೆಯ ಟರ್ಬೊವನ್ನು ಮಾಲೀಕರಿಗೆ ತೋರಿಸಲಿ. ಭಾವನವರ ಕೈಯಲ್ಲಿರುವ ಎರಡೂ ಬಿಲ್ಲುಗಳಲ್ಲಿ ಇರುವುದು ಪಾರ್ಟ್ ನಂಬರ್, ಲೇಬರ್ ಚಾರ್ಜ್, ಜಿಎಸ್‌ಟಿ ಅಷ್ಟೇ. ಅವನ್ನು ಹಿಡಿದು ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, ಹೊಸ ಟರ್ಬೊ ಸತ್ತದ್ದು ತಮ್ಮ ಡ್ರೈವಿಂಗಿನಿಂದಲ್ಲ ಎಂದು ಅವರು ಯಾವ ಆಧಾರದ ಮೇಲೆ ಹೇಳಬೇಕು?