ರಸ್ತೆಬದಿಯ ಓಝೋನ್ ಅಂಕಿಯೊಂದನ್ನೇ ನೆಚ್ಚಬೇಡಿ

ಸದಸ್ಯ ಕಾರ್ಯದರ್ಶಿಗಳಿಗೆ,
ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ, ಮುಂಬೈ



ಪುಣೆಯ ಧನಕವಡಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ನಾನೂ ಒಬ್ಬ. ಸ್ವಾರ್‌ಗೇಟಿನಿಂದ ಕಾತ್ರಜ್‌ಗೆ ಹೋಗುವ ಸಾತಾರಾ ರಸ್ತೆ ನಮ್ಮ ಮಗ್ಗುಲಲ್ಲೇ ಇದೆ. ಏಪ್ರಿಲ್ ಮಧ್ಯಾಹ್ನ ಬಂಕಿನಲ್ಲಿ ಸ್ಕೂಟರಿನ ಟ್ಯಾಂಕ್ ಮುಚ್ಚಳ ತೆಗೆದರೆ ಬಿಸಿಲಿಗೆ ಪೆಟ್ರೋಲಿನ ಆವಿ ನಡುಗುವುದು ಕಣ್ಣಿಗೇ ಕಾಣುತ್ತದೆ.

ಈ ಆವಿ, ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್, ಮೇಲೆ ಸುಡುಬಿಸಿಲು ಕೂಡಿದರೆ ಓಝೋನ್. ಅದು ಯಾವ ಸೈಲೆನ್ಸರಿನಿಂದಲೂ ನೇರವಾಗಿ ಬರುವುದಿಲ್ಲ. ಲಾಸ್ ಏಂಜಲೀಸ್‌ನ ಹೊಗೆಮಂಜಿನ ಈ ಗುಟ್ಟನ್ನು 1950ರ ಸುಮಾರಿಗೆ ಬಿಡಿಸಿದವರು ರಸಾಯನ ವಿಜ್ಞಾನಿ ಹಾಗೆನ್-ಸ್ಮಿಟ್. ಅದಕ್ಕೂ ಮೊದಲು ಅವರು ಶೋಧಿಸುತ್ತಿದ್ದದ್ದು ಅನಾನಸಿನ ಪರಿಮಳವನ್ನು!

ತಂಟೆಯಿರುವುದು ಅಳೆಯುವುದರಲ್ಲಿ. ಗಾಡಿಗಳು ಕಿಕ್ಕಿರಿದ ಕಡೆ ಆಗಷ್ಟೇ ಹೊರಬಿದ್ದ ನೈಟ್ರಿಕ್ ಆಕ್ಸೈಡ್ ಅಲ್ಲಿದ್ದ ಓಝೋನನ್ನೇ ನುಂಗಿಬಿಡುತ್ತದೆ. ಹಾಗಾಗಿ ರಸ್ತೆಬದಿಯ ಯಂತ್ರ ಕಡಿಮೆ ಅಂಕಿ ತೋರಿಸಿದರೆ ಗಾಳಿ ಚೊಕ್ಕಟವಾಗಿದೆ ಎಂದಲ್ಲ. ನಮ್ಮ ಹೊಗೆ ಗಾಳಿಯ ಜೊತೆ ಸಾಗುತ್ತ, ಬಿಸಿಲು ಕಾಯುತ್ತ ಊರಾಚೆ ಓಝೋನ್ ಆಗುತ್ತದೆ. ಪಡುವಣ ಗಾಳಿ ಬೀಸಿದ ದಿನ ಅದರ ಪಾಲು ಹಡಪ್ಸರ್, ಸಾಸ್ವಡ ಕಡೆಯವರಿಗೆ. ಅಲ್ಲಿನ ಹೊಲದ ಎಲೆಗೂ ಅದು ವಿಷವೇ. 2020ರ ಲಾಕ್‌ಡೌನ್‌ನಲ್ಲಿ ನೈಟ್ರೋಜನ್ ಡೈಆಕ್ಸೈಡ್ ಕುಸಿದರೂ ಹಲವು ನಗರಗಳಲ್ಲಿ ಓಝೋನ್ ಏರಿತ್ತು. ಹೈಡ್ರೋಕಾರ್ಬನ್ ಆವಿ, ನೈಟ್ರೋಜನ್ ಆಕ್ಸೈಡ್ ಎಂಬ ಎರಡು ಕಚ್ಚಾ ಸಾಮಗ್ರಿಗಳ ಪ್ರಮಾಣ ತಿಳಿಯದೆ ಒಂದನ್ನಷ್ಟೇ ತಗ್ಗಿಸಿದರೆ ಹೀಗೂ ಆದೀತು.

ಇನ್ನು ಗಾಡಿಗಳ ಹೊಗೆ ತಪಾಸಣೆ, ಅಂದರೆ ಪಿಯುಸಿ. ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ. ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆ. ನೈಟ್ರೋಜನ್ ಆಕ್ಸೈಡಿಗೆ ಜಾಗವೇ ಇಲ್ಲ. ನಿಯಮ ದಿಲ್ಲಿಯದು, ಬಲ್ಲೆ. ದಿಲ್ಲಿಗೆ ಬರೆಯುವ ಪತ್ರವಾದರೂ ನಿಮ್ಮಿಂದ ಹೋಗಬಹುದಲ್ಲ?

ಪರಿಣತರಿಗೆ ಈ ಊರಲ್ಲಿ ಬರವಿಲ್ಲ. ಪಾಷಾಣ್‌ನ ಉಷ್ಣವಲಯ ಪವನವಿಜ್ಞಾನ ಸಂಸ್ಥೆ ಗಾಳಿಯ ಗುಣಮಟ್ಟ ಅಳೆದು ಮುನ್ಸೂಚನೆ ಕೊಡುವ ‘ಸಫರ್’ ನಡೆಸುತ್ತದೆ, ಕೋಥ್ರೂಡ್‌ನಲ್ಲಿ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ. ಸಾತಾರಾ ರಸ್ತೆಯಲ್ಲೊಂದು, ಗಾಳಿ ಹೋಗುವ ದಿಕ್ಕಿನಲ್ಲೊಂದು ಕಡೆ ಓಝೋನ್, ನೈಟ್ರೋಜನ್ ಆಕ್ಸೈಡ್, ಬಗೆಬಗೆಯ ಹೈಡ್ರೋಕಾರ್ಬನ್‌ಗಳನ್ನು ಒಂದೇ ಹೊತ್ತಿಗೆ ಅಳೆಯಿಸಿ. ಆಗ ಬಂಕಿನ ಆವಿಯದೆಷ್ಟು, ಸೈಲೆನ್ಸರಿನದೆಷ್ಟು ಎಂದು ಬಿಡಿಸಿ ನೋಡಬಹುದು. ಇಡೀ ದಿನದ ಸರಾಸರಿ ಕೊಟ್ಟು ಕೈತೊಳೆದುಕೊಳ್ಳಬೇಡಿ. ಇರುಳಿನ ಅಂಕಿ ಸೇರಿದರೆ ಮಧ್ಯಾಹ್ನದ ಏರು ಅದರಲ್ಲಿ ಮುಳುಗಿಹೋಗುತ್ತದೆ. ರಾಷ್ಟ್ರೀಯ ಮಿತಿಯೂ ಎಂಟು ತಾಸಿಗೆ 100, ಒಂದು ತಾಸಿಗೆ 180 ಮೈಕ್ರೋಗ್ರಾಂ ಎಂದೇ ಇದೆ, ಪ್ರತಿ ಘನಮೀಟರಿಗೆ.

ಮಳೆ ಹಿಡಿದ ಮೇಲೆ ಬಿಸಿಲೂ ಇರದು, ಅಳೆಯಲು ಅಷ್ಟು ಓಝೋನೂ ಇರದು. ಹಾಗಾಗಿ ಬೇಸಿಗೆ ಏರುವ ಮುನ್ನ, ಫೆಬ್ರವರಿಯೊಳಗೆ ಯಂತ್ರಗಳು ಕೂರುವಂತೆ ಆದೇಶ ಹೊರಡಿಸಿ.

ಇಂತಿ,
ಧನಕವಡಿಯ ನಿವಾಸಿ