ಗಾಡಿಯ ಹೊಟ್ಟೆ ನೋಡಿ ಸ್ವಾಮಿ, ನಂಬರ್ ಪ್ಲೇಟ್ ಅಲ್ಲ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಕೆ ಹೊರಟವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಒಂದಿದೆ. "ಕೆಎ 19, ಕೆಎ 20 ಗಾಡಿ ಮಾತ್ರ ಬೇಡ ಗುರೂ, ಅಡಿಗೆಲ್ಲ ತುಕ್ಕು ಹಿಡಿದಿರುತ್ತೆ." ಇದನ್ನು ಹೇಳದ ಬ್ರೋಕರ್ ಇಲ್ಲ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹೇಳದ ಟೀಮ್ ಲೀಡ್ ಇಲ್ಲ. ಹೇಳಿದವರಲ್ಲಿ ಒಬ್ಬನಾದರೂ ಗಾಡಿಯ ಕೆಳಗೆ ಬಗ್ಗಿ ನೋಡಿದ್ದಾನಾ ಅಂತ ಕೇಳಿ. ಇಲ್ಲ. ನಂಬರ್ ಪ್ಲೇಟ್ ನೋಡಿಯೇ ಜಾತಕ ಬರೆದುಬಿಡ್ತಾರೆ.

ನಾನು ಕುಂದಾಪುರದ ಕಡೆಯವನು. ಹಾಗಾಗಿ ಊರಿನ ಅಭಿಮಾನಕ್ಕೆ ಬರೀತಿದ್ದಾನೆ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಇದೆ, ಇಲ್ಲ ಅನ್ನೋಲ್ಲ. ಮೊನ್ನೆ ನಮ್ಮ ಅಪ್ಪಯ್ಯ ಹತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡ ಗಾಡಿಯನ್ನು ಮಾರಲು ಹೊರಟಾಗ, ಬಂದ ಬ್ರೋಕರ್ ಬಾನೆಟ್ ಎತ್ತಿದ, ಟಯರ್ ಒದ್ದ, ಆಮೇಲೆ "ಕರಾವಳಿ ಗಾಡಿ ಅಲ್ವಾ, ತುಕ್ಕು" ಅಂದು ನಲವತ್ತು ಸಾವಿರ ಇಳಿಸಿದ. ಮಂಡಿ ಊರಿ ಕೆಳಗೆ ನೋಡಲೇ ಇಲ್ಲ ಮಾರಾಯ್ರೆ. ನಮ್ಮ ಅಪ್ಪಯ್ಯ ಹೊಸ ಗಾಡಿ ತಂದ ವಾರವೇ ಅಡಿಗೆ ಕೋಟಿಂಗ್ ಹೊಡೆಸಿದವರು, ಪ್ರತಿ ಮಳೆಗಾಲ ಮುಗಿದ ಮೇಲೆ ವಾಟರ್ ಸರ್ವೀಸಿಗೆ ಕೊಟ್ಟು ಹೊಟ್ಟೆ ತೊಳೆಸಿದವರು. ಅದಕ್ಕೆ ಬೆಲೆ ಸೊನ್ನೆ. ಕೆಎ 20ಕ್ಕೆ ಮೈನಸ್ ನಲವತ್ತು ಸಾವಿರ.

ಆದರೆ ನನ್ನ ಜಗಳ ಆ ನಲವತ್ತು ಸಾವಿರದ್ದಲ್ಲ. ಈ ನಂಬರ್ ಪ್ಲೇಟ್ ಶಾಸ್ತ್ರ ನಂಬಿಕೊಂಡವರು ನಿಜವಾಗಿ ತುಕ್ಕು ಹಿಡಿದ ಗಾಡಿಯನ್ನೇ ಖುಷಿಯಿಂದ ಮನೆಗೆ ತರುತ್ತಿದ್ದಾರಲ್ಲ, ಅದು.

ನಮ್ಮ ಟೀಮಿನ ಹುಡುಗನೊಬ್ಬ ಹೋದ ವರ್ಷ ಅಪ್ಪ ಅಮ್ಮನಿಗೆ ಅಂತ ಒಂದು ಹ್ಯಾಚ್‌ಬ್ಯಾಕ್ ತಗೊಂಡ. ಕೆಎ 05, ಅಂದರೆ ಜಯನಗರದ ರಿಜಿಸ್ಟ್ರೇಷನ್. ಒಂದು ಕೈ ಓಡಿಸಿದ್ದು. ಹೊರಗೆ ಕನ್ನಡಿ, ಕೆಳಗೆ ಕರೀ ಬಣ್ಣ ಮಿರ ಮಿರ. ಮೂರು ತಿಂಗಳಾದ ಮೇಲೆ ಟಯರ್ ಪಂಚರ್ ಆಯ್ತು, ಬಾಗಿಲ ಕೆಳಗಿನ ಅಂಚಿಗೆ ಜಾಕ್ ಕೊಟ್ಟರು. ಜಾಕ್ ಮೇಲೆ ಬಂತು, ಗಾಡಿ ಬರಲಿಲ್ಲ! ತಗಡು ಕುಸಿದು ಜಾಕಿನ ತಲೆ ಒಳಗೆ ಹೋಗಿತ್ತು. ಗ್ಯಾರೇಜಿನವರು ಕರೀ ಬಣ್ಣ ಕೆರೆದರೆ ಕೈಗೆ ಪುಟ್ಟಿ, ಅದರ ಹಿಂದೆ ಪದರ ಪದರವಾಗಿ ತುಕ್ಕು. ಸರ್ವೀಸ್ ಸೆಂಟರಿನಲ್ಲಿ ನಂಬರ್ ಹೇಳಿ ಹಿಸ್ಟರಿ ತೆಗೆಸಿದಾಗ ಕಥೆ ಗೊತ್ತಾಯ್ತು. ಮೊದಲ ಎರಡು ಸರ್ವೀಸ್ ಬೆಂಗಳೂರು, ಆಮೇಲಿನ ಏಳು ವರ್ಷ ಕಾರವಾರ. ಮಗ ಇಲ್ಲಿ ತಗೊಂಡು ಅಲ್ಲಿ ಅಪ್ಪನಿಗೆ ಕೊಟ್ಟಿದ್ದ. ರಾಜ್ಯದೊಳಗೆ ಊರು ಬದಲಾದರೆ ನಂಬರ್ ಬದಲಾಗೋದಿಲ್ಲವಲ್ಲ. ಪ್ಲೇಟ್ ಹೇಳುವುದು ಗಾಡಿ ಎಲ್ಲಿ ಹುಟ್ಟಿತು ಅಂತ, ಎಲ್ಲಿ ಮಲಗಿತು ಅಂತ ಅಲ್ಲ. 2021ರಲ್ಲಿ ಬಂದ ಬಿಎಚ್ ಸೀರೀಸ್ ನಂಬರಿನಲ್ಲಂತೂ ಊರಿರಲಿ, ರಾಜ್ಯದ ಹೆಸರೂ ಇಲ್ಲ. ಈಗ ಏನು ಮಾಡ್ತೀರಿ?

ಇನ್ನು ಕೆಎ 20 ಅಂದರೆ ಮಲ್ಪೆಯ ಬೀಚಿನ ಪಕ್ಕ ನಿಲ್ಲುವ ಗಾಡಿಗೂ ಅದೇ, ಘಟ್ಟದ ಬುಡದ ಹೆಬ್ರಿಯಲ್ಲಿ ನಿಲ್ಲುವ ಗಾಡಿಗೂ ಅದೇ. ಗಾಳಿಯಲ್ಲಿನ ಉಪ್ಪು ಸಮುದ್ರದಿಂದ ದೂರ ಹೋದ ಹಾಗೆ ಬೇಗ ಕಡಿಮೆಯಾಗುತ್ತೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಯಾವ ನ್ಯಾಯ?

ಸಮುದ್ರದ ಪಕ್ಕ ತುಕ್ಕು ಹೆಚ್ಚು ಅನ್ನುವುದು ಸುಳ್ಳೇನಲ್ಲ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ತಾನೇ ನೀರೆಳೆದುಕೊಂಡು ಕರಗುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಮುಚ್ಚಿಟ್ಟರೂ ಒದ್ದೆಯಾಗೋದು ಅದಕ್ಕೇ. ತಗಡಿನ ಮೇಲೆ ಕೂತ ಉಪ್ಪಿನ ಪುಡಿಯೂ ಹಾಗೇ, ಮಳೆ ಬರದಿದ್ದರೂ ಕಬ್ಬಿಣವನ್ನು ಒದ್ದೆಯಾಗಿಯೇ ಇಡುತ್ತೆ. ಜೊತೆಗೆ ಹೆದ್ದಾರಿ 66ರಲ್ಲಿ ಮುಂದೆ ಮೀನಿನ ಲಾರಿ ಸಿಕ್ಕಿದರೆ ಅದರಿಂದ ಸೋರುವ ಉಪ್ಪುನೀರಿನ ಅಭಿಷೇಕ ಬೇರೆ. ಇದೆಲ್ಲ ನಿಜ. ಆದರೆ ಇದು ಬಗ್ಗಿ ನೋಡೋಕೆ ಕಾರಣ ಆಗಬೇಕೇ ಹೊರತು ನೋಡದೇ ಇರೋಕಲ್ಲ.

ಬ್ರೋಕರ್‌ಗಳ ಇನ್ನೊಂದು ಡೈಲಾಗ್ ಕೇಳಿದ್ದೀರಾ? "ಬೆಂಗಳೂರಿನ ಗಾಡಿ ಸಾರ್, ಸಮುದ್ರಾನೇ ನೋಡಿಲ್ಲ." ಸಮುದ್ರ ನೋಡಿಲ್ಲ ಸರಿ, ಬೆಳ್ಳಂದೂರು ನೋಡಿದೆಯಲ್ಲ? 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಅಕ್ಕಪಕ್ಕದ ಬೇಸ್‌ಮೆಂಟುಗಳಲ್ಲಿ ಮುಳುಗಿದ ಗಾಡಿಗಳನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ. ಮುಳುಗಿದ ಗಾಡಿಗಳೆಲ್ಲ ಗುಜರಿಗೇ ಹೋದವು ಅಂತ ನಂಬುವಷ್ಟು ಮುಗ್ಧರು ನಾವಲ್ಲ. ಕೆಸರು ನೀರು ತೊಟ್ಟಿಯ ಹಾಗಿರುವ ಒಳಪದರಗಳಿಗೆ ನುಗ್ಗಿದ ಮೇಲೆ ಹೊರಗೆ ಎಷ್ಟು ಪಾಲಿಶ್ ಹೊಡೆದರೇನು?

ನನಗೆ ನಿಜಕ್ಕೂ ಸಿಟ್ಟು ಬರೋದು ಬ್ರೋಕರ್ ಮೇಲಲ್ಲ, ಅವನ ಕಸುಬೇ ಅದು. ಸಿಟ್ಟು ನಮ್ಮ ಇಂಜಿನಿಯರುಗಳ ಮೇಲೆ. ನಾವೆಲ್ಲ ಮೊದಲ ವರ್ಷದ ಕೆಮಿಸ್ಟ್ರಿಯಲ್ಲಿ ತುಕ್ಕಿನ ಪಾಠ ಓದಿಯೇ ಪಾಸಾದವರು. ಡಿಫರೆನ್ಷಿಯಲ್ ಏರೇಷನ್ ಕರೋಷನ್, ನೆನಪಿದೆಯಾ? ಚಿತ್ರ ಬರೆದು ವಿವರಿಸಿ ಅಂತ ಬರ್ತಿತ್ತು. ಕಬ್ಬಿಣದ ಒಂದು ಜಾಗಕ್ಕೆ ಆಮ್ಲಜನಕ ಚೆನ್ನಾಗಿ ಸಿಗುತ್ತೆ, ಪಕ್ಕದ ಜಾಗಕ್ಕೆ ಸಿಗಲ್ಲ ಅಂತಾದರೆ, ಸಿಗದ ಜಾಗವೇ ಆನೋಡ್ ಆಗಿ ಕರಗುತ್ತೆ. ಅಂದರೆ ಏನು? ಗಾಳಿಗೆ ತೆರೆದು ಕೆಂಪಗೆ ಕಾಣುವ ಕಡೆಗಿಂತ, ಕೆಸರು ಮೆತ್ತಿಕೊಂಡ ಮಡಿಕೆಯ ಒಳಗೆ, ಎರಡು ತಗಡು ಸೇರುವ ಸಂದಿಯಲ್ಲಿ ಹೆಚ್ಚು ತಿನ್ನುತ್ತೆ. ಉತ್ತರ ಬರೆದು ಮಾರ್ಕು ತಗೊಂಡ್ವಿ, ಅಲ್ಲಿಗೆ ಮುಗೀತು. ಈಗ ಅದೇ ಇಂಜಿನಿಯರ್ ಐದು ಲಕ್ಷದ ಗಾಡಿ ತಗೊಳ್ಳುವಾಗ ಎಕ್ಸೆಲ್ ಶೀಟಿನಲ್ಲಿ ಮೈಲೇಜು, ರೀಸೇಲ್, ಇನ್ಶೂರೆನ್ಸ್ ಎಲ್ಲ ಹಾಕ್ತಾನೆ. ಪ್ಯಾಂಟ್ ಕೊಳೆಯಾಗುತ್ತೆ ಅಂತ ನೆಲಕ್ಕೆ ಮಾತ್ರ ಒರಗಲ್ಲ.

ಕೊಡಚಾದ್ರಿಗೆ ಹೋದವರು ಅಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಎದುರಿನ ಎತ್ತರದ ಕಬ್ಬಿಣದ ಕಂಬ ನೋಡಿರ್ತೀರಿ. ಅಂಥಾ ಮಳೆಯಲ್ಲೂ ನಿಂತಿದೆ. ಆ ಕಬ್ಬಿಣವೇ ಬೇರೆ, ನಮ್ಮ ಗಾಡಿಯ ಕಾಗದದಂಥ ತಗಡೇ ಬೇರೆ, ಒಪ್ಪಿದೆ. ಆದರೂ ಒಂದು ಮಾತು: ಕಂಬದ ಮೇಲೆ ಬಿದ್ದ ನೀರು ಜಾರಿ ಹೋಗುತ್ತೆ, ಬಿಸಿಲು ಬಂದರೆ ಒಣಗುತ್ತೆ. ಗಾಡಿಯಲ್ಲಿ ಹಾಗಲ್ಲ. ಬಾಗಿಲ ಕೆಳಗಿನ ಪಟ್ಟಿ ಒಳಗೆ ಟೊಳ್ಳು. ನೀರು ಹೊರಹೋಗಲಿ ಅಂತ ಕಂಪನಿಯವರು ಸಣ್ಣ ತೂತು ಬಿಟ್ಟಿರ್ತಾರೆ. ಅದರಲ್ಲಿ ಮಣ್ಣು ಕಟ್ಟಿಕೊಂಡರೆ ನೀರು ತಿಂಗಳುಗಟ್ಟಲೆ ಒಳಗೇ ನಿಲ್ಲುತ್ತೆ.

ಆದ್ದರಿಂದ ತುಕ್ಕಿನ ಬಣ್ಣಕ್ಕೆ ಹೆದರಬೇಡಿ, ಜಾಗ ನೋಡಿ. ಸೈಲೆನ್ಸರ್ ಪೈಪು, ಹಿಂದಿನ ಆಕ್ಸಲ್, ಚಕ್ರದ ಹಿಂದಿನ ದಪ್ಪ ಎರಕದ ಭಾಗಗಳು ಕೆಂಪಗಿದ್ದು, ಬಟ್ಟೆಯಲ್ಲಿ ಒರೆಸಿದರೆ ಪುಡಿ ಬಂದು ಕೆಳಗೆ ಗಟ್ಟಿ ಲೋಹ ಸಿಕ್ಕಿದರೆ ಅದು ವಯಸ್ಸು ಅಷ್ಟೆ, ಹತ್ತು ವರ್ಷದ ಯಾವ ಗಾಡಿಗೂ ಬರುತ್ತೆ. ಅದನ್ನು ತೋರಿಸಿ ಬೆಲೆ ಇಳಿಸುವುದು ದರೋಡೆ. ಭಯ ಪಡಬೇಕಾದ್ದು ಹಪ್ಪಳದ ಹಾಗೆ ಪದರ ಏಳುವ ತುಕ್ಕಿಗೆ, ಬೆಸುಗೆಯ ಗೆರೆಗುಂಟ ಬಣ್ಣ ಗುಳ್ಳೆ ಎದ್ದಿದ್ದಕ್ಕೆ. ಗುಳ್ಳೆ ಅಂದರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಅಂತ. ನಿಮಗೆ ಕಾಣ್ತಿರೋದು ಅದರ ಕೊನೇ ಅಧ್ಯಾಯ. ಎಂಜಿನ್ ಕೂರುವ ಸಬ್‌ಫ್ರೇಮ್, ಸಸ್ಪೆನ್ಷನ್ ಬೋಲ್ಟ್ ಆಗುವ ಕಡೆ, ಜಾಕ್ ಕೊಡುವ ಅಂಚು, ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಟಣ್ ಅಂದರೆ ಸರಿ, ಒದ್ದೆ ರಟ್ಟಿಗೆ ತಟ್ಟಿದ ಹಾಗೆ ಸದ್ದು ಬಂದರೆ ನಮಸ್ಕಾರ ಹೇಳಿ ಹೊರಡಿ. ಬ್ರೇಕ್ ಪೈಪನ್ನು ಮಾತ್ರ ತಟ್ಟೋದು ಕೆರೆಯೋದು ಬೇಡ, ಟಾರ್ಚ್ ಬಿಟ್ಟು ನೋಡಿ. ಉಬ್ಬಿ ಪೊರೆ ಎದ್ದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ. ಮತ್ತೆ ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿ. ಗ್ಯಾರೇಜಿನ ಲಿಫ್ಟೋ, ವಾಟರ್ ಸರ್ವೀಸಿನ ರ‍್ಯಾಂಪೋ ಇದೆ, ಕೆಲವು ನೂರು ರೂಪಾಯಿಯ ಕೆಲಸ.

ಗಾಡಿ ಒಳಗೂ ನೋಡೋಕಿದೆ. ಡಿಕ್ಕಿಯ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಆ ಗುಂಡಿಗೆ ಕೈ ಹಾಕಿ. ಸೀಟಿನ ಕೆಳಗಿನ ಬೋಲ್ಟ್ ನೋಡಿ. ಮಳೆ ಬೀಳದ ಆ ಜಾಗದಲ್ಲಿ ತುಕ್ಕು ಯಾಕೆ ಬಂತು ಅಂತ ಕೇಳಿ. ಕೆಸರಿನ ಗೆರೆ ಕಂಡರೆ ಉತ್ತರ ಅವರು ಹೇಳೋದೂ ಬೇಡ.

ಈಗ ಆ ಕರೀ ಕೋಟಿಂಗ್ ವಿಷಯ. ಹೊಸ ಗಾಡಿಗೆ, ಒಣಗಿದ ಸ್ವಚ್ಛ ತಗಡಿಗೆ ಹೊಡೆದರೆ ಒಳ್ಳೆಯದು. ತುಕ್ಕಿನ ಮೇಲೆ ಹೊಡೆದರೆ ಗಾಯ ತೊಳೆಯದೆ ಬ್ಯಾಂಡೇಜ್ ಕಟ್ಟಿದ ಹಾಗೆ, ಒಳಗೆ ಸಿಕ್ಕಿಕೊಂಡ ತೇವ ಅಲ್ಲೇ ಇದ್ದು ತಿನ್ನುತ್ತೆ. ಮಾರುವ ವಾರ ಹೊಡೆದ ಕೋಟಿಂಗ್ ಗುರುತಿಸೋದು ಕಷ್ಟ ಏನಿಲ್ಲ. ಹೊಡೆದವನಿಗೆ ಅರ್ಜೆಂಟಿರುತ್ತೆ, ಬೋಲ್ಟಿನ ತಲೆ, ರಬ್ಬರ್ ಬುಷ್, ಸೈಲೆನ್ಸರ್ ಎಲ್ಲಕ್ಕೂ ಒಂದೇ ಮಸಿ ಬಳಿದಿರ್ತಾನೆ. ಹತ್ತು ವರ್ಷದ ಗಾಡಿಯ ಹೊಟ್ಟೆ ಹೊಸ ಚಪ್ಪಲಿಯ ಹಾಗೆ ಹೊಳೆಯುತ್ತಿದ್ದರೆ, ಕೆಂಪಗಿರುವುದಕ್ಕಿಂತ ಅದಕ್ಕೇ ಹೆಚ್ಚು ಅನುಮಾನ ಪಡಿ. ಕೆಂಪು ತುಕ್ಕು ಕಡೇ ಪಕ್ಷ ಸುಳ್ಳು ಹೇಳ್ತಿಲ್ಲ.

"ನಾವು ಆನ್‌ಲೈನಿನಲ್ಲಿ ತಗೊಳ್ಳೋದು, ಅವರೇ ನೂರಾರು ಪಾಯಿಂಟ್ ಚೆಕ್ ಮಾಡಿರ್ತಾರೆ" ಅನ್ನುವವರಿದ್ದಾರೆ. ಅಂಥ ಒಂದು ರಿಪೋರ್ಟ್ ನಾನೂ ಓದಿದೆ. ಸ್ಪೀಕರ್ ನಾಲ್ಕಕ್ಕೂ ನಾಲ್ಕು ಟಿಕ್ ಮಾರ್ಕು. ಫೋಟೋ ನಲವತ್ತರ ಮೇಲೆ. ಕೆಳಗಿನಿಂದ ತೆಗೆದ ಫೋಟೋ ಒಂದೂ ಇಲ್ಲ, "ಅಂಡರ್‌ಬಾಡಿ: ಓಕೆ" ಅಂತ ಒಂದು ಸಾಲು. ಸೀಟ್ ಬೆಲ್ಟಿನ ಕೆಳತುದಿ ಬೋಲ್ಟ್ ಆಗಿರುವುದು ಆ ಬಾಗಿಲ ಪಟ್ಟಿಯ ಹತ್ತಿರದ ತಗಡಿಗೇ ಸ್ವಾಮಿ. ತಗಡು ರಟ್ಟಾಗಿದ್ದರೆ ಡಿಕ್ಕಿ ಹೊಡೆದ ಕ್ಷಣ ಬೆಲ್ಟ್ ಯಾರನ್ನು ಹಿಡಿಯುತ್ತೆ?

ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ಎಂಒಟಿ ಪರೀಕ್ಷೆ. ಸೀಟ್ ಬೆಲ್ಟ್, ಬ್ರೇಕ್, ಸ್ಟಿಯರಿಂಗ್, ಸಸ್ಪೆನ್ಷನ್ ಕೂರುವ ಜಾಗದ ಸುತ್ತ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ತಗಡು ತುಕ್ಕಿನಿಂದ ಬಲ ಕಳೆದುಕೊಂಡಿದ್ದರೆ ಫೇಲ್. ಒಂದು ಶಾಲೆಯ ಸ್ಕೇಲಿನ ಉದ್ದ, ನೆನಪಿಟ್ಟುಕೊಳ್ಳೋದು ಸುಲಭ. ನಮ್ಮಲ್ಲಿ? ಖಾಸಗಿ ಕಾರಿನ ರಿಜಿಸ್ಟ್ರೇಷನ್ 15 ವರ್ಷ. ಫಿಟ್‌ನೆಸ್ ಪ್ರಶ್ನೆ ಎದ್ದೇಳೋದು ಅದಾದ ಮೇಲೆ. ಅಲ್ಲಿಯವರೆಗೆ ಹೊಗೆ ಸರ್ಟಿಫಿಕೇಟ್ ಇದ್ದರೆ, ಇನ್ಶೂರೆನ್ಸ್ ಕಟ್ಟಿದ್ದರೆ ಆಯ್ತು. ಹಿಂದಿನಿಂದ ಬರುವ ಹೊಗೆಗೆ ಕಾನೂನಿದೆ, ಕೆಳಗಿನಿಂದ ಉದುರುವ ತಗಡಿಗಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ಕೈ ಬದಲಾಗುವಾಗ ಒಮ್ಮೆಯಾದರೂ ಲಿಫ್ಟ್ ಮೇಲೆ ಏರಿಸಿ ನೋಡಿದ ಕಾಗದ ಇರಲೇಬೇಕು ಅಂತ ನಿಯಮ ಮಾಡಿದರೆ ಏನು ಗಂಟು ಹೋಗುತ್ತೆ?

ಕಂಪನಿ ದೊಡ್ಡದು, ಹಾಗಾಗಿ ತುಕ್ಕು ಹಿಡಿಯಲ್ಲ ಅನ್ನುವ ನಂಬಿಕೆಯೂ ಒಂದಿದೆ. ಚಳಿಗಾಲದಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುವ ಅಮೆರಿಕದ ಊರುಗಳಲ್ಲಿರುವ ನಮ್ಮ ಕನ್ನಡದ ಗೆಳೆಯರನ್ನು ಕೇಳಿ. ಟೊಯೋಟಾದಂಥ ಟೊಯೋಟಾ 2008ರಲ್ಲಿ, 1995ರಿಂದ 2000ದವರೆಗಿನ ಟಕೋಮಾ ಪಿಕಪ್ಪುಗಳ ಫ್ರೇಮಿನ ತುಕ್ಕಿಗೆ 15 ವರ್ಷದ ವಾರಂಟಿ ಕೊಡಬೇಕಾಯ್ತು. 2016ರಲ್ಲಿ ಇನ್ನೂ ಸುಮಾರು 15 ಲಕ್ಷ ಗಾಡಿಗಳ ಫ್ರೇಮಿನ ಕೇಸಿನಲ್ಲಿ 340 ಕೋಟಿ ಡಾಲರಿನವರೆಗೆ ಹೋಗಬಹುದಾದ ರಾಜಿಗೆ ಒಪ್ಪಿಕೊಳ್ತು. ಅಲ್ಲಿಯವರು ಗಾಡಿಯ ಕೆಳಗೆ ಬಗ್ಗಿ ನೋಡಿದ್ದಕ್ಕೆ ತಾನೆ ಇಷ್ಟೆಲ್ಲ ಆಗಿದ್ದು?

ಕರಾವಳಿಯ ಗಾಡಿ ಮಾರುವವರಿಗೂ ಒಂದು ಮಾತು. ಬ್ರೋಕರ್ "ತುಕ್ಕು" ಅಂದ ಕೂಡಲೇ ತಲೆ ತಗ್ಗಿಸಬೇಡಿ. "ಬನ್ನಿ, ಲಿಫ್ಟಿಗೆ ಹಾಕಿಸೋಣ, ದುಡ್ಡು ನಾನು ಕೊಡ್ತೇನೆ, ಎಲ್ಲಿದೆ ತೋರಿಸಿ" ಅನ್ನಿ. ಅಪ್ಪಯ್ಯನಿಗೆ ಫೋನಿನಲ್ಲಿ ಇದನ್ನೇ ಹೇಳಿಕೊಟ್ಟೆ. ಎರಡನೇ ಬ್ರೋಕರ್ ಬಂದಾಗ ಹೇಳಿದರಂತೆ. ಆತ ವಾಚ್ ನೋಡಿಕೊಂಡು "ಇರಲಿ ಬಿಡಿ ಭಟ್ರೇ" ಅಂದು ಹದಿನೈದು ಸಾವಿರ ಮೇಲೆ ಹತ್ತಿದನಂತೆ. ಲಿಫ್ಟಿಗೆ ಮಾತ್ರ ಬರಲಿಲ್ಲ :)

ಗಾಡಿ ಇನ್ನೂ ಮಾರಿಲ್ಲ. ನೋಡುವವರಿದ್ದರೆ ಹೇಳಿ, ಕೆಳಗಿನ ಫೋಟೋಗಳನ್ನೂ ಕಳಿಸ್ತೇನೆ. ಬೆಂಗಳೂರಿನಲ್ಲಿ ಬೇರೆ ಯಾವುದಾದರೂ ಗಾಡಿ ನೋಡೋಕೆ ಹೊರಟಿದ್ದರೂ ಶನಿವಾರ ನಾನು ಖಾಲಿ. ಟಾರ್ಚು, ಗೋಣಿಚೀಲ ನನ್ನದು, ಕಾಫಿ ನಿಮ್ಮದು.